ಸದ್ದಿಲ್ಲದ ಮಿಷನ್

ಜೂನ್ 4, ಬುಧವಾರ

ಇವತ್ತೂ ಅದೇ ರಾಮಾಯಣ. ಹೆಡ್‌ಫೋನ್ ಹಾಕಿಕೊಂಡು ಗ್ರಾಹಕರೊಬ್ಬರ ದೂರು ಕೇಳುತ್ತಿದ್ದೆ. ಗೋಡೆಯಾಚೆ ಅಮ್ಮನ ಹೊಲಿಗೆ ಮಿಷನ್ ಶುರುವಾಯಿತು. ಕಟಕಟ ಕಟಕಟ. ಗ್ರಾಹಕರು ದೂರು ಬಿಟ್ಟು, "ಏನ್ ಮೇಡಂ, ರೈಲಲ್ಲಿ ಕೂತಿದ್ದೀರಾ?" ಅಂದರು. ಹಿಂದೆಯೇ ಸೂಪರ್‌ವೈಸರ್ ಮೆಸೇಜು — ಇನ್ನೊಮ್ಮೆ ಹೀಗಾದರೆ ಮನೆಯಿಂದ ಕೆಲಸ ಬಂದ್.

ನಿಲ್ಲಿಸು ಎನ್ನಲು ಬಾಯಿ ಬರಲಿಲ್ಲ. ಕಣ್ಣು ಮಂಜಾಗಿದ್ದರೂ ಬೀದಿಯವರ ಬಟ್ಟೆಯೆಲ್ಲ ಅಮ್ಮನ ಕೈಯಲ್ಲೇ ಆಗಬೇಕು. ಬೇರೆ ಯಾರ ಹೊಲಿಗೆಯೂ ಅವಳಿಗೆ ಹಿಡಿಸುವುದಿಲ್ಲ.

ಹೊಸ ಮಿಷನ್ ಕೊಡಿಸಿದರೆ? ಅಮ್ಮನ ಹುಟ್ಟುಹಬ್ಬವೂ ಹತ್ತಿರವಿದೆ. ಎಷ್ಟು ಅನುಕೂಲ...

ಜೂನ್ 7, ಶನಿವಾರ

ಆಯಿತು. ಕೊಂಡೆ.

ಅಂಗಡಿಯವನು ಪಾಪ ಉತ್ಸಾಹದಿಂದ ತೋರಿಸಿದ. ಕರೆಂಟಲ್ಲಿ ಓಡುತ್ತದೆ, ಕಾಲಲ್ಲಿ ತುಳಿಯಬೇಕಿಲ್ಲ, ಬಗೆಬಗೆಯ ಹೊಲಿಗೆ, ತಾನೇ ಕಾಜಾ ಹಾಕುತ್ತದೆ, ಲೈಟ್ ಇದೆ. "ಅಮ್ಮಂಗೆ ಕಣ್ಣು ಹೇಗಿದೆ? ಕಾಲು ನೋವು ಗೀವು?" ಎಂದು ಕೇಳಿದ. ನಾನು ಕೇಳಿದ್ದು ಒಂದೇ — "ಸದ್ದು ಯಾವುದಕ್ಕೆ ಕಮ್ಮಿ?" ಒಂದೊಂದನ್ನೂ ಓಡಿಸಲು ಹೇಳಿ ಕಣ್ಣುಮುಚ್ಚಿ ನಿಂತೆ, ಸಂಗೀತ ಕೇಳಲು ಬಂದವಳ ಹಾಗೆ. ಕೊನೆಯದು ಸೊಳ್ಳೆಯಷ್ಟೂ ಗುಂಯ್ ಅನ್ನಲಿಲ್ಲ. ಅದೇ ಇರಲಿ ಅಂದೆ.

ಹಳೆಯದಕ್ಕೆ ಎಕ್ಸ್‌ಚೇಂಜ್ ಇದೆಯಂತೆ. ಎರಡೂ ಮನೆಯಲ್ಲಿದ್ದರೆ ಅಮ್ಮ ಹಳೆಯದಕ್ಕೇ ಹೋಗುತ್ತಾಳೆ. ಗೊತ್ತಿದ್ದೇ ಹೂಂ ಅಂದೆ.

"ಇಂಥ ಮಗಳನ್ನ ಪಡೆಯೋಕೆ ಪುಣ್ಯ ಮಾಡಿರಬೇಕು," ಅಂದ. ತಲೆ ತಗ್ಗಿಸಿದೆ. ಅದನ್ನೂ ವಿನಯ ಎಂದುಕೊಂಡ.

ಜೂನ್ 11, ಸಂಜೆ

ಹೊಸದು ಬಂತು. ಹಳೆಯದನ್ನು ಇಬ್ಬರು ಹೊತ್ತುಕೊಂಡು ಹೋದರು. ಅಮ್ಮ ಮೆಟ್ಟಿಲ ತನಕ ಅವರ ಬೆನ್ನಿಗೇ ಹೋಗಿ "ಮೆಲ್ಲಗೆ, ಮೆಲ್ಲಗೆ" ಅನ್ನುತ್ತಿದ್ದಳು. ವಾಪಸ್ ಬಂದು ಹೊಸದರ ಮುಂದೆ ಕೂತಳು. ಮುಖದ ತುಂಬ ನಗು. "ನನ್ನ ಕಾಲು ನೋವು ನೋಡಲಾರದೆ ತಂದ್ಯೇನೇ?"

ಹೂಂ ಅಂದೆ. ಇಷ್ಟು ಸಲೀಸಾಗಿ ಯಾವತ್ತೂ ಸುಳ್ಳು ಹೇಳಿಲ್ಲ.

ಆಮೇಲೆ ಚಿಕ್ಕಮ್ಮನಿಗೆ ಫೋನು, ಕೆಳಗಿನ ಮನೆ ಟೀಚರಿಗೆ ಫೋನು. "ಕಾಲು ನೋವು ಅಂತ ಯಾವಾಗಲೋ ಒಂದು ಸಲ ಅಂದಿದ್ದೆ ಕಣ್ರೀ, ಅಷ್ಟೇ. ಮನಸ್ಸಲ್ಲಿ ಇಟ್ಕೊಂಡಿದ್ದಾಳೆ ನೋಡಿ."

ಅಮ್ಮ ಹಾಗೆ ಅಂದದ್ದು ನನಗೆ ನೆನಪೇ ಇಲ್ಲ.

ಜೂನ್ 20

ಮನೆ ಎಷ್ಟು ತಣ್ಣಗಿದೆ! ಸೂಪರ್‌ವೈಸರ್‌ಗೂ ಖುಷಿ.

ಊಟದ ಹೊತ್ತಿಗೆ ಅಮ್ಮ, "ಮಾತೇ ಆಡಲ್ವಲ್ಲೇ ಇದು. ಎದುರಿಗೆ ಮುನಿಸಿಕೊಂಡವರು ಕೂತ ಹಾಗಿರತ್ತೆ," ಅಂದಳು.

"ರೂಢಿಯಾಗತ್ತೆ ಬಿಡಮ್ಮ." ಫೋನಿನಿಂದ ತಲೆ ಎತ್ತದೆಯೇ ಹೇಳಿದೆ.

ಜುಲೈ 9

ಟೀಚರ್ ಬಂದಿದ್ದರು, ಅಮ್ಮ ಹೊಲಿದ ಅಂಗಿ ಹಿಡಿದು. ಬೋರ್ಡ್ ಮೇಲೆ ಬರೆಯಲು ಕೈ ಎತ್ತಿದರೆ ಕಂಕುಳು ಬಾಯಿಬಿಟ್ಟಿತಂತೆ. "ಮಕ್ಕಳು ಬಿದ್ದೂ ಬಿದ್ದೂ ನಕ್ಕವು" ಎಂದು ತಾವೂ ನಕ್ಕರು. ಅಮ್ಮ ನಗಲಿಲ್ಲ. ಅಂಗಿ ತಿರುವಿ ಬೆರಳಿನಿಂದ ತಡವಿದಳು. ನಡುವೆ ಕೆಳಗಿನ ದಾರ ಸುತ್ತಿದ ಬಾಬಿನ್ ಖಾಲಿಯಾಗಿದೆ, ಅಲ್ಲಿಂದಾಚೆ ಆ ದಾರವೇ ಇಲ್ಲ. ಮೇಲಿನ ದಾರ ಸುಮ್ಮನೆ ಬಟ್ಟೆಯ ಮೇಲೆ ಬಿದ್ದುಕೊಂಡಿದೆ. ಹೋದ ವಾರ ಯಾರದೋ ದಿಂಬಿನ ಚೀಲವೂ ಹೀಗೇ ಆಗಿತ್ತಂತೆ. ನನಗೆ ಹೇಳಿರಲಿಲ್ಲ.

ಜುಲೈ 12, ಶನಿವಾರ

ಬಟ್ಟೆ ತಂದವರನ್ನು ಅಮ್ಮ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದ್ದಾಳೆ. "ನನ್ನ ಕೈ ಹೋಯ್ತು. ಬೇರೆ ಕಡೆ ಕೊಡಿ." ಕತ್ತರಿಯನ್ನು ಚಿಕ್ಕಮ್ಮನಿಗೆ ಕೊಟ್ಟುಬಿಡುತ್ತಾಳಂತೆ. ನನ್ನ ಕಡೆ ತಿರುಗಿ, "ಅಷ್ಟು ಆಸೆಪಟ್ಟು ತಂದುಕೊಟ್ಟೆ. ನನಗೇ ಯೋಗ್ಯತೆ ಇಲ್ಲ," ಅಂದಳು.

ಟೀಚರ್ ಅಂಗಿ ಎತ್ತಿಕೊಂಡು ಬಿಟ್ಟ ಹೊಲಿಗೆಯನ್ನು ನೋಡಿದೆ.

"ಮುಂಚೆ ದಾರ ಮುಗಿದ್ರೆ ಹೇಗಮ್ಮ ಗೊತ್ತಾಗ್ತಿತ್ತು?"

"ಮಿಷನ್ ದನಿ ತೆಳ್ಳಗಾಗ್ತಿತ್ತಲ್ಲ, ಕಣ್ಣು ಯಾಕೆ ಬೇಕು? ಈಗ ಕಿವೀನೂ ಕೈಕೊಟ್ಟಿದೆ."

ಮಧ್ಯಾಹ್ನ ಅವಳು ಮಲಗಿದಾಗ ಬಾಬಿನ್ ಹಾಕಿ ಓಡಿಸಿದೆ. ತೆಗೆದು ಓಡಿಸಿದೆ. ನನ್ನ ಕಿವಿಗೂ ಒಂದೇ. ಅಂಗಡಿಗೆ ಫೋನ್ ಮಾಡಿ ಹಳೆಯದನ್ನು ಕೇಳಿದೆ. ಬಿಚ್ಚಿ ಬಿಡಿಭಾಗ ಮಾಡಿಬಿಟ್ಟಿದ್ದಾರೆ.

ಜುಲೈ 13

ಹೇಳಿಬಿಟ್ಟೆ. ನಿನ್ನ ಕಾಲು ನೋವಿಗೆ ತಂದದ್ದಲ್ಲ, ನನ್ನ ಕೆಲಸಕ್ಕೆ ಸದ್ದು ಬೇಡವಾಗಿತ್ತು. ಹಳೆಯದನ್ನು ಬೇಕೆಂದೇ ಸಾಗಹಾಕಿದೆ. ಇದರಲ್ಲಿ ದಾರ ಮುಗಿದದ್ದು ಯಾರ ಕಿವಿಗೂ ಕೇಳಿಸುವುದಿಲ್ಲ. ಎಲ್ಲ ಒಂದೇ ಉಸಿರಿಗೆ. ಬೈಯಲಿ ಎಂದು ಕಾದೆ.

ಅಮ್ಮ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು.

"ಹಾಗಾದ್ರೆ ನನ್ನ ಕೈ ಸರಿಯಾಗೇ ಇದ್ಯೇನೇ?"

"ಇದೆಯಮ್ಮ."

"ಕಿವಿ?"

"ಅದೂ ಇದೆ."

ಕಣ್ಣೊರೆಸಿಕೊಂಡಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 16, ಬೆಳಿಗ್ಗೆ

ನನ್ನ ಮೇಜನ್ನು ಅಮ್ಮನ ರೂಮಿಗೇ ಸಾಗಿಸಿದೆ. ಅಮ್ಮ ಟೀಚರ್ ಅಂಗಿಯ ಹೊಲಿಗೆ ಬಿಚ್ಚಿ ಹೊಸದಾಗಿ ಹಾಕುತ್ತಿದ್ದಾಳೆ. ಕೈ ಸರಿಯಾಗಿದೆ ಎಂದು ನಂಬಿದಳು ಎಂದುಕೊಂಡಿದ್ದೆ. ಇಲ್ಲ. ಯಾರನ್ನೂ ಒಂದು ಮಾತು ಕೇಳದೆ ಹೊಲಿಯುತ್ತಿದ್ದವಳು ಈಗ ಗೇಣುದ್ದಕ್ಕೊಮ್ಮೆ ನಿಲ್ಲಿಸಿ, "ನೋಡೇ, ದಾರ ಇದ್ಯಾ?" ಅನ್ನುತ್ತಾಳೆ. ಇದೆ ಅಂದರೆ ನಾಲ್ಕು ಹೊಲಿಗೆ. ಮತ್ತೆ, "ಈಗ?" ಪರೀಕ್ಷೆ ಬರೆಯುವ ಮಗುವಿನ ಹಾಗೆ ನನ್ನ ಮುಖ ನೋಡುತ್ತಾಳೆ. ಆ ಮುಖ ನನಗೆ ನೋಡಲಾಗುವುದಿಲ್ಲ.

ಮತ್ತೆ ಕರೆಯುತ್ತಿದ್ದಾಳೆ. ಇದೆಯಮ್ಮ, ಇನ್ನೂ—