ಏಳನೇ ಕೊಳವೆಯ ಘಮ

ಸೋಮವಾರ, ಮಧ್ಯಾಹ್ನ

ನನ್ನ ಮುದ್ದು ಅಣಬೆ ಡಾಕ್ಟರಮ್ಮನಿಗೆ,

ಫೋನಿದ್ದೂ ಅಮ್ಮ ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ. ಬಿಟ್ಟರೂ ಈ ವಿಷಯ ಹೇಳಲು ನನಗೆ ಬಾಯಿ ಬರುವುದಿಲ್ಲ. ಇಲ್ಲಿ ಎಲ್ಲ ಕ್ಷೇಮ. ಹೊಲಿಗೆ ಯಂತ್ರಕ್ಕೆ ಹೊಸ ಬೆಲ್ಟು ಬಂತು. ನಿನ್ನಪ್ಪನ ಮೊಣಕಾಲು ಹಾಗೇ ಇದೆ. ಕಿರ್ ಎಂದಾಗ ಬಾಗಿಲೋ ಅವರೋ ಗೊತ್ತಾಗುವುದಿಲ್ಲ.

ಅಂದ ಹಾಗೆ, ಪ್ರಯೋಗಾಲಯದ ಗೆಳತಿಯ ಜೊತೆ ಮಾತು ಶುರುಮಾಡಿದೆಯಾ? ನಮ್ಮ ಮನೆಯಲ್ಲಿ ನೀನು ತೂಗಿ ಡಬ್ಬಿಗೆ ತುಂಬಿದ ಅಣಬೆ ಅಲ್ಲಿ ಅರವತ್ತು ಗ್ರಾಂ ಕಡಿಮೆ ಬಂತು, ಅವಳೇ ಎತ್ತಿಕೊಂಡಿದ್ದಾಳೆ ಎಂದು ತಿಂಗಳಿಂದ ಮುಖ ಊದಿಸಿಕೊಂಡಿದ್ದೀಯ. ಬಿಡು, ಪಾಪ. ಒಂದೇ ಮೇಜು, ಒಂದೇ ನಲ್ಲಿ. ಎಷ್ಟು ದಿನ ಅಂತ ಹಾಗಿರುತ್ತೀರಿ?

ಈಗ ವಿಷಯಕ್ಕೆ ಬರುತ್ತೇನೆ. ಶನಿವಾರ ನೀನು ಕುಣಿಯುತ್ತಲೇ ಫೋನು ಮಾಡಿದೆ. ಅಣಬೆ ಪುಡಿಯನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ, ಆ ರಸವನ್ನು ಬಿಳಿ ಪುಡಿ ತುಂಬಿದ ಗಾಜಿನ ಕಂಬಕ್ಕೆ ಸುರಿದು, ಕೆಳಗೆ ತೊಟ್ಟಿಕ್ಕಿದ್ದನ್ನು ಕೊಳವೆ ಕೊಳವೆಯಾಗಿ ಹಿಡಿದೆ. ಮೂರು ವರ್ಷ ಒಂದೂ ಕೆಲಸ ಮಾಡಲಿಲ್ಲ, ಈಗ ಏಳನೇ ಕೊಳವೆಯದು ತಟ್ಟೆಯಲ್ಲಿದ್ದ ರೋಗಾಣುಗಳನ್ನೆಲ್ಲ ಕೊಂದುಹಾಕಿತು ಎಂದೆ. ಶುಕ್ರವಾರ ಪರೀಕ್ಷಕರ ಮುಂದೆ ಇದನ್ನೇ ಹೇಳ್ತೀನಿ, ಡಾಕ್ಟರೇಟು ಸಿಕ್ಕ ಹಾಗೇ ಅಂದೆ. ನನಗೂ ಕಣ್ಣು ತುಂಬಿ ಬಂತು. ಆಮೇಲೆ ಅಂದೆಯಲ್ಲ, ಏನ್ ಘಮ ಅಮ್ಮಾ, ಹಲ್ಲು ಡಾಕ್ಟರ ಕೋಣೆಗೆ ಹೋದ ಹಾಗಿರುತ್ತೆ ಅಂತ.

ಮಗಳೇ, ಅದು ಲವಂಗ.

ನಿಮ್ಮಲ್ಲಿ ಒಣಗಿಸುವ ಪೆಟ್ಟಿಗೆ ಕೆಟ್ಟಿತೆಂದು ಅಣಬೆಯನ್ನು ನಮ್ಮ ತಾರಸಿಯಲ್ಲಿ ಒಣಗಿಸಿ, ಡಬ್ಬಿಗೆ ತುಂಬಿ, ಯಾರೂ ಮುಟ್ಟಬೇಡಿ ಎಂದು ಚೀಟಿ ಅಂಟಿಸಿ ಎರಡು ವಾರ ಬಿಟ್ಟುಹೋದೆ. ಹುಳ ಬಿದ್ದರೆ ಮೂರು ವರ್ಷದ ಶ್ರಮ ಮಣ್ಣುಪಾಲಾಗುತ್ತದೆಂದು, ನನ್ನ ಬಟ್ಟೆ ಪೆಟ್ಟಿಗೆಗೆ ಹಾಕುವಂತೆ ಇದಕ್ಕೂ ಲವಂಗ ಹಾಕಿದೆ. ಎಣಿಸಿ ಹನ್ನೆರಡು. ನೀನು ಬರುವ ದಿನ ಬೆಳಿಗ್ಗೆ ಆರಿಸಿ ತೆಗೆದೆ. ಹನ್ನೊಂದು ಸಿಕ್ಕಿದವು. ಹನ್ನೆರಡನೆಯದು ಎಲ್ಲೋ ಉರುಳಿರಬೇಕು ಎಂದು ಮಂಚದ ಕೆಳಗೂ ಹುಡುಕಿದೆ. ಅದು ನಿನ್ನ ಗ್ರೈಂಡರಿಗೆ ಹೋಗಿತ್ತು.

ನಿನ್ನಪ್ಪನಿಗೆ ಹೇಳಿದರೆ, ಸುಮ್ನಿರೇ, ಡಾಕ್ಟರೇಟು ಬರಲಿ, ಆಮೇಲೆ ನೋಡೋಣ ಅಂದರು. ಎರಡು ದಿನ ಸುಮ್ಮನಿದ್ದೆ. ಗಿರಾಕಿಯ ರವಿಕೆಗೆ ಒಂದು ತೋಳನ್ನು ತಿರುವಿ ಹೊಲಿದೆ. ಇನ್ನು ಆಗುವುದಿಲ್ಲ. ಪರೀಕ್ಷಕರಿಗೂ ಮೂಗಿರುತ್ತದೆ. ಅವರೆದುರು ನೀನು ತಲೆ ತಗ್ಗಿಸುವುದಕ್ಕಿಂತ ನನ್ನನ್ನು ಬೈಯುವುದು ಮೇಲು. ನಿನ್ನ ಗುರುಗಳಿಗೆ ನೀನೇ ಹೋಗಿ ಹೇಳು, ಶುಕ್ರವಾರವನ್ನು ಮುಂದಕ್ಕೆ ಹಾಕಿಸು. ತಪ್ಪೆಲ್ಲ ನಮ್ಮಮ್ಮನದು ಅನ್ನು, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸ್ವಲ್ಪ ಮಾಡಿಕೊಳ್ಳುತ್ತೇನೆ.

ಹೊಟ್ಟೆಗೆ ಹಾಕಿಕೋ ಕಂದಾ.

ನಿನ್ನ ತಲೆಹರಟೆ
ಅಮ್ಮ

ಮರೆತ ಮಾತು: ಕಾಗದ ತಂದ ಅಪ್ಪನ ಕೈಯಲ್ಲಿ ಒಂದು ಬಟ್ಟೆ ಗಂಟಿದೆ. ಅದರಲ್ಲಿರುವುದು ಅದೇ ಡಬ್ಬಿಯ ಅಣಬೆ, ಲವಂಗ ಹಾಕುವ ಮೊದಲೇ ತೆಗೆದಿಟ್ಟದ್ದು. ಔಷಧಿ ಅಣಬೆ ಅಂದಿದ್ದೆಯಲ್ಲ, ಇವರ ಮೊಣಕಾಲಿಗೆ ಕಷಾಯ ಮಾಡೋಣ ಎಂದುಕೊಂಡೆ. ಮೊದಲು ನೀನು ಕುಡಿ ಅಂದರು. ಎರಡು ಚೂರು ಕುದಿಸಿ ಕುಡಿದೆ. ಅಬ್ಬಾ, ಏನು ಕಹಿ! ಉಳಿದದ್ದನ್ನು ಮುಟ್ಟಿಲ್ಲ. ತೂಗಿ ನೋಡು, ಐವತ್ತೆಂಟು ಗ್ರಾಂ ಇದೆ. ಆದರೆ ತೂಗುವ ಮೊದಲು, ಪಕ್ಕದಲ್ಲಿ ಕೂತಿರುವ ಆ ಹುಡುಗಿಯ ಕ್ಷಮೆ ಕೇಳು.