ಫೋನಿನ ಪಕ್ಕದ ಮೇಜು ಯಾರದು?

ಕನ್ನಡ ಸಂಘದ ವಾಚನಾಲಯವನ್ನೂ ಅದರೊಳಗಿನ ಒಂದೇ ಒಂದು ಫೋನನ್ನೂ ಕಾಯುವ ಮಾನ್ಯ ಕಾರ್ಯದರ್ಶಿಗಳೇ,

ಮಾಟುಂಗದ ನಮ್ಮ ವಾಚನಾಲಯದಲ್ಲಿ ಫೋನಿನ ಪಕ್ಕದ ಮೇಜನ್ನು ಜಯಸಿಂಹ ಅವರ ಹೆಸರಿಗೆ ಬರೆದುಕೊಟ್ಟಿದ್ದೀರಾ? ಹಾಗಿದ್ದರೆ ಆ ಠರಾವನ್ನು ನೋಟಿಸ್ ಬೋರ್ಡಿಗೆ ಹಚ್ಚಿ. ಇಲ್ಲದಿದ್ದರೆ, ಲೋಕಲ್ ರೈಲಿನಲ್ಲಿ ಸೀಟು ಹಿಡಿಯುವವರಂತೆ ಬಾಗಿಲು ತೆರೆದ ಕೂಡಲೇ ಅದರ ಮೇಲೆ ಕರವಸ್ತ್ರ ಎಸೆದು, ಆಮೇಲೆ ನಿಧಾನವಾಗಿ ಇಡ್ಲಿ ತಿಂದು ಬರುವ ಅವರ ಪದ್ಧತಿಗೆ ತಾವು ಯಾವ ನಿಯಮದಡಿ ಒಪ್ಪಿಗೆ ಕೊಟ್ಟಿರಿ? ಈ ಹೆಂಗಸಿಗೆ ಹೊಟ್ಟೆಕಿಚ್ಚು ಎಂದು ತಾವು ಹೇಳಬಹುದು. ಹೌದು, ಹೊಟ್ಟೆಕಿಚ್ಚೇ. ಆ ಫ್ಯಾನು, ಆ ಕಿಟಕಿ, ಕೈಗೆಟುಕುವ ಆ ಫೋನು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ನಾನೂ ಅವರೂ ಮಾಡುವುದು ಒಂದೇ ಕೆಲಸ, ಜಾಹೀರಾತುಗಳನ್ನು ಕನ್ನಡಕ್ಕೆ ತರುವುದು. ಇಬ್ಬರಿಗೂ ಆಫೀಸಿಲ್ಲ, ಸಂಬಳವಿಲ್ಲ. ಜೋಗೇಶ್ವರಿಯ ನಮ್ಮ ಒಂದೇ ಕೋಣೆಯ ಕೆಳಗೆ ಡಬ್ಬಿಗಳಿಗೆ ಮುಚ್ಚಳ ಒತ್ತುವ ಯಂತ್ರ ದಿನವಿಡೀ ಕುಟ್ಟುತ್ತದೆ. ಕೋಣೆಯೊಳಗೆ ಅತ್ತೆಯವರ ರೇಡಿಯೋ. ಫೋನಿಗೆ ಅರ್ಜಿ ಹಾಕಿ ವರ್ಷಗಳಾದವು. ಬಾಂದ್ರಾದ ಹೋಟೆಲಿನಲ್ಲಿ ಕೂತು ನೋಡಿದೆ. ಒಂದು ಕಾಫಿಗೆ ಇಷ್ಟು ಹೊತ್ತೇ ಎಂಬಂತೆ ಮಾಣಿ ಮತ್ತೆ ಮತ್ತೆ ಬಂದು ಮೇಜು ಒರೆಸಿದ. ಕೊನೆಗೆ ದಾದರ್‌ನಲ್ಲಿ ಗಾಡಿ ಬದಲಿಸಿ ತಮ್ಮಲ್ಲಿಗೆ ಬಂದೆ. ತಾವು ತೋರಿಸಿದ್ದು ಬೀರುವಿನ ಹಿಂದೆ, ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದ ‘ಮಹಿಳೆಯರ ಜಾಗ’. ಫೋನಿನ ಮಾತೆತ್ತಿದಾಗ ಏನಂದಿರಿ? “ನೋಡೀಮ್ಮಾ, ಮೆಂಬರ್ ಆಗಿರೋದು ನಿಮ್ಮ ಯಜಮಾನ್ರು. ಕೇಶವಮೂರ್ತಿಗಳಿಗೆ ಫೋನ್ ಬಂದ್ರೆ ಖಂಡಿತ ಕರೀತೀವಿ.” ಆ ಯಜಮಾನರು ವಾಚನಾಲಯದ ಮೆಟ್ಟಿಲು ಹತ್ತಿದ್ದು ಚಂದಾ ಕಟ್ಟಿದ ದಿನ ಮಾತ್ರ.

ಆದರೂ ಬಾಂದ್ರಾದ ಒಂದು ಜಾಹೀರಾತು ಕಂಪನಿಗೆ ನಾನು ‘ಆಫೀಸ್’ ಎಂದು ತಮ್ಮ ನಂಬರನ್ನೇ ಕೊಟ್ಟಿದ್ದೆ. ವರ್ಷವಿಡೀ ಸಾಬೂನಿನ ಜಾಹೀರಾತು ಬರೆಯುವ ಕೆಲಸ. ಸಿಕ್ಕಿದ್ದರೆ ಎಲ್ಲಾದರೂ ನನ್ನದೇ ಒಂದು ಮೂಲೆ ಬಾಡಿಗೆಗೆ ಹಿಡಿಯುತ್ತಿದ್ದೆ. ಕಳೆದ ವಾರ ಆ ಫೋನು ಬಂತು. ತಾವು ಎದುರಿಗೇ ಕೂತಿದ್ದಿರಿ, ನಾನು ಬೀರುವಿನ ಹಿಂದೆಯೇ ಇದ್ದೆ. ಯಾರೂ ಕರೆಯಲಿಲ್ಲ. ವಿಚಾರಿಸೋಣವೆಂದು ಕಂಪನಿಗೆ ಹೋದರೆ, ಅಲ್ಲಿ ಕೆಲಸ ಹಂಚುವ ಪ್ರಫುಲ್ಲಾ ತನ್ನ ತಡವರಿಸುವ ಕನ್ನಡದಲ್ಲಿ ನಗುತ್ತಾ ಹೇಳಿದಳು: “ಅರೇ, ನಿಮ್ಮ ಆಫೀಸ್‌ನವರೇ ಫೋನ್ ಉಠಾಯಾ ನಾ, ಜಯಸಿಂಹ ಸಾಬ್. ನೀವು ಬಿಝಿ ಅಂತ ಬೋಲೇ. ಕೆಲಸ ಅವರಿಗೇ ಕೊಟ್ಟೆ.”

ಮರುದಿನ ಆ ‘ನಮ್ಮ ಆಫೀಸಿನವರು’ ಬೀರುವಿನಾಚೆಯಿಂದ ಕತ್ತು ಚಾಚಿ, “ಕೌಸಲ್ಯಾ ಅವ್ರೇ, ನೊರೆ ಅನ್ನೋದನ್ನ ಇನ್ನೂ ಸ್ವಲ್ಪ ಚೆಂದ ಮಾಡಿ ಹೇಳೋದು ಹೇಗೆ?” ಎಂದು ಕೇಳಿದರು. ನಾನೇನು ಮಾಡಿದೆ ಗೊತ್ತೇ? “ಬೆಣ್ಣೆಯಂಥ ನೊರೆ ಅಂತ ಹಾಕಿ” ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಬಂತು?

ಆದ್ದರಿಂದ ಸದಸ್ಯತ್ವ ನನ್ನ ಹೆಸರಿಗೂ ಬರಲಿ. ಆ ಮೇಜು ಬಂದು ಕೂತವರಿಗೆ ಸಿಗಲಿ, ಕರವಸ್ತ್ರಕ್ಕಲ್ಲ. ತಾವು ಸಮಿತಿ ಕರೆದು, ಚಹಾ ಕುಡಿದು ತೀರ್ಮಾನಿಸುವವರೆಗೆ ಹಳೆಯ ಪದ್ಧತಿಯೇ ನಡೆಯುವುದಾದರೆ ನಡೆಯಲಿ, ಕರವಸ್ತ್ರ ನನ್ನ ಹತ್ತಿರವೂ ಇದೆ. ನಾಳೆ ತಾವು ಬೀಗ ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲಿರುತ್ತೇನೆ. ಫೋನು ಬಂದರೆ ನಾನೇ ಎತ್ತುತ್ತೇನೆ. ಜಯಸಿಂಹ ಇದ್ದಾರಾ ಎಂದು ಕೇಳಿದರೆ, ಬಿಝಿ ಇದ್ದಾರೆ ಎನ್ನುತ್ತೇನೆ.

ಇಂತಿ,
ಗಂಡನ ಚಂದಾದಲ್ಲಿ ಹಾರ್ಮೋನಿಯಂ ಪಕ್ಕ ಕೂರುವ
ಕೌಸಲ್ಯಾ