ಪೀಪಿ ಮಾಮ ನೀರಿಗೆ ಹಾರಿದ ದಿನ

ಭಾನುವಾರ, ಮಧ್ಯಾಹ್ನ
ಚಿಕ್ಕಮ್ಮನ ಮನೆಯಿಂದ

ಅಮ್ಮಾ,

ನಾನು ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆ ಅಂತ ಕೇಳುವಷ್ಟು ದೊಡ್ಡ ಮನಸ್ಸು ಇವತ್ತು ನನಗಿಲ್ಲ. ಚಿಕ್ಕಮ್ಮ ತಾನು ಪರದೆ ಹೊಲಿಯುವ ಮೇಜಿನ ಒಂದು ಮೂಲೆ ಖಾಲಿ ಮಾಡಿಕೊಟ್ಟು, ಹೊಟ್ಟೆಯಲ್ಲಿಟ್ಟುಕೊಂಡು ಕುದಿಯಬೇಡ, ಬರೆದು ಹಾಕು ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಮಗಳನ್ನು ಹವಾ ಬದಲಾವಣೆಗೆ ಕಳಿಸಿದ್ದೀನಿ ಅಂತ ನೀನು ಎಲ್ಲರಿಗೂ ಹೇಳುತ್ತಿದ್ದೀಯಂತೆ. ನನಗೇನು ಕೆಮ್ಮು ಬಂದಿತ್ತಾ? ನನ್ನ ಬಾಯಿಗೆ ಬೀಗ ಹಾಕಲು ಆಗಲಿಲ್ಲ, ಬಾಯಿಯನ್ನೇ ಬೇರೆ ಊರಿಗೆ ಸಾಗಹಾಕಿದೆ. ಇರಲಿ. ಕೈಗೆ ಬೀಗ ಹಾಕುವುದನ್ನು ಮರೆತೆಯಲ್ಲ.

ನೀನು ಈಜುಕೊಳದ ಟಿಕೆಟ್ ಕಿಟಕಿಯಲ್ಲಿ ಕೂರಲು ಶುರು ಮಾಡಿದಾಗಿನಿಂದ ನಾನು ಆ ಕೊಳದ ದಡದಲ್ಲೇ ಬೆಳೆದವಳು. ನನಗೆ ಈಜು ಕಲಿಸಿದ್ದು ಪೀಪಿ ಮಾಮ. ಕೊರಳಲ್ಲಿ ಪೀಪಿ, ಕೈಯಲ್ಲಿ ಉದ್ದನೆಯ ಕೋಲು. ಯಾರಾದರೂ ನೀರು ಕುಡಿಯುವ ಮೊದಲೇ ಆ ಕೋಲು ಮೂಗಿನ ಮುಂದೆ ಬಂದಿರುತ್ತಿತ್ತು. ಆದರೆ ಅವನು ಮಾತ್ರ ನೀರಿಗೆ ಇಳಿಯುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ, ನನಗೆ ನೆಗಡಿ ಪುಟ್ಟಿ ಅನ್ನುತ್ತಿದ್ದ. ವರ್ಷವಿಡೀ ನೆಗಡಿಯಾ ಅಂತ ನಾನು ನಿನ್ನನ್ನು ಕೇಳಿದೆ. ನೀನು ನನ್ನ ತಲೆ ಬಾಚುತ್ತಾ, ನಮ್ಮ ಮಕ್ಕಳು ನೀರಲ್ಲಿರುವಾಗ ಕಪ್ಪು ಬಣ್ಣದವರು ಇಳಿಯೋ ಹಾಗಿಲ್ಲ, ಕೊಳದ ಸಮಿತಿಯ ನಿಯಮ ಅಂತ ಹೇಳಿದೆ. ನೀರಿಗೆ ಬಣ್ಣ ಹತ್ತುತ್ತಾ ಅಂತ ಕೇಳಿದ್ದಕ್ಕೆ, ಅಲ್ಲಾಡಬೇಡ, ಬೈತಲೆ ಸೊಟ್ಟ ಆಗುತ್ತೆ ಅಂತ ಗದರಿದೆ. ಉತ್ತರ ಇವತ್ತಿಗೂ ಬಾಕಿ ಇದೆ.

ಆ ದಿನ ಏನಾಯಿತು ಅಂತ ನಿನಗೆ ನೆನಪು ಮಾಡಬೇಕು. ನೀನು ಎಷ್ಟು ಚೆನ್ನಾಗಿ ಮರೆತಿದ್ದೀಯ ಅಂದರೆ, ಯಾರಾದರೂ ನೆನಪು ಮಾಡಲೇಬೇಕು.

ಹಲ್ಲಿನ ಡಾಕ್ಟರ ಮಗ ಆಳದ ಕಡೆಯ ಕಂಬಿ ಹತ್ತಿದ. (ಹಲ್ಲಿನ ಡಾಕ್ಟರ ಮಗನಿಗೇ ಮೊಲದ ಹಲ್ಲು!) ಅವನಿಗೆ ಈಜು ಬರುವುದಿಲ್ಲ ಅಂತ ನಮಗೆಲ್ಲ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಗೆಳೆಯರು ಪುಕ್ಕಲ ಅಂದರು, ಹಾರಿಬಿಟ್ಟ. ಪೀಪಿ ಮಾಮ ಆಚೆ ತುದಿಯಲ್ಲಿ ಚಿಕ್ಕ ಮಕ್ಕಳಿಗೆ ಕಾಲು ಬಡಿಯುವುದನ್ನು ಹೇಳಿಕೊಡುತ್ತಿದ್ದ, ಬೆನ್ನು ಈ ಕಡೆಗಿತ್ತು. ಹುಡುಗ ಮುಳುಗುವುದನ್ನು ಮೊದಲು ನೋಡಿದ್ದು ನೀನು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಪೀಪಿ ಮಾಮಾ, ಹುಡುಗ ಮುಳುಗ್ತಿದಾನೆ, ಹಾರು, ಹಾರು ಅಂತ ಕಿರುಚಿದೆ. ನಾನು ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ತಲೆ ಒರೆಸಿಕೊಳ್ಳುತ್ತಿದ್ದೆ. ನಿನ್ನ ದನಿ ಅಷ್ಟು ದೊಡ್ಡದು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಅವನು ತಿರುಗಿ ಒಂದು ಕ್ಷಣ ನಿನ್ನನ್ನು ನೋಡಿದ. ಆಮೇಲೆ ಕೋಲು ಬಿಸಾಡಿ ಬಟ್ಟೆ ಸಮೇತ ಹಾರಿದ.

ಹುಡುಗನನ್ನು ಎಳೆದು ತಂದು ಹಾಸುಗಲ್ಲಿನ ಮೇಲೆ ಮಲಗಿಸಿದ. ಎದೆಯನ್ನು ಎರಡೂ ಕೈಯಲ್ಲಿ ಒತ್ತಿ ಒತ್ತಿ, ಬಾಯಿಗೆ ಬಾಯಿಟ್ಟು ಉಸಿರು ಊದಿದ. ಓಡಿ ಬಂದಿದ್ದ ನನ್ನ ಕಾಲ ಮೇಲೆಯೇ ಹುಡುಗ ವಾಂತಿ ಮಾಡಿದ. ಯಾರದೋ ವಾಂತಿ ನೋಡಿ ಅಷ್ಟು ಖುಷಿ ಪಟ್ಟಿದ್ದು ಅದೇ ಮೊದಲು. ನೀನೂ ನಗುತ್ತಾ ಅಳುತ್ತಿದ್ದೆ.

ಹುಡುಗ ವಾಂತಿ ಮಾಡುವ ಮೊದಲೇ ಡಾಕ್ಟರು ಓಡಿ ಬಂದಿದ್ದರು. ಅವರಿಗೆ ಕಂಡಿದ್ದು ಮಗನ ಬಾಯಿಯ ಮೇಲೆ ಒಬ್ಬ ಕಪ್ಪು ಮನುಷ್ಯನ ಬಾಯಿ, ಮಗನ ಎದೆಯ ಮೇಲೆ ಕೆಂಪಗೆ ಎದ್ದ ಬೆರಳ ಗುರುತು. ಸಂಜೆಯೊಳಗೆ ಊರೆಲ್ಲ ಒಂದೇ ಮಾತು: ಕರಿಯನೊಬ್ಬ ಹುಡುಗನನ್ನು ನೀರಿಗೆ ತಳ್ಳಿ, ಹೊಡೆದು, ಏನೇನೋ ಮಾಡಿದ. ಪೊಲೀಸರು ಬಂದು ಪೀಪಿ ಮಾಮನನ್ನು ಒದ್ದೆ ಬಟ್ಟೆಯಲ್ಲೇ ಕರೆದುಕೊಂಡು ಹೋದರು. ಸಮಿತಿಯವರು ಕೊಳದ ನೀರನ್ನೆಲ್ಲ ಖಾಲಿ ಮಾಡಿಸಿ, ಔಷಧಿ ಹಾಕಿ ಉಜ್ಜಿಸಿದರು. ಹುಡುಗನ ಬಾಯಿಯನ್ನು ಏನು ಮಾಡಿದರೋ ಕಾಣೆ.

ಆಮೇಲೆ ಸಮಿತಿಯ ಕೋಣೆಯಲ್ಲಿ ವಿಚಾರಣೆ. ಪೊಲೀಸ್ ಅಧಿಕಾರಿ ಹುಡುಗನನ್ನು ಕೇಳಿದಾಗ ಅವನು ಅಪ್ಪನ ಬೂಟು ನೋಡುತ್ತಾ, ತಳ್ಳಿದ ಅಂದ. ನಿನ್ನನ್ನು ಕೇಳಿದರು. ನೀನು, ಟಿಕೆಟ್ ಹರಿಯುತ್ತಿದ್ದೆ ಸಾರ್, ತಲೆ ಎತ್ತಲಿಲ್ಲ ಅಂತ ಹೇಳಿದೆ. ನನ್ನ ಕಿವಿಯಲ್ಲಿ ಇನ್ನೂ ನೀರಿದೆಯೇನೋ ಅಂದುಕೊಂಡೆ. ಎದ್ದು ನಿಂತು, ತಳ್ಳಲಿಲ್ಲ ಸಾರ್, ಹುಡುಗನೇ ಹಾರಿದ್ದು, ನಾನು ನೋಡಿದೆ ಅಂದೆ. ಅಧಿಕಾರಿ ನಕ್ಕು, ಪುಟ್ಟಿಗೆ ಕಥೆ ಪುಸ್ತಕ ಜಾಸ್ತಿಯಾಗಿದೆ ಅಂದರು. ಎಲ್ಲರೂ ನಕ್ಕರು. ನೀನು ನನ್ನ ಲಂಗ ಹಿಡಿದು ಎಳೆದು ಕೂರಿಸಿದೆ. ಕೊಕ್ಕೆ ಕಿತ್ತು ಬಂತು.

ಕೊನೆಗೆ ಪೀಪಿ ಮಾಮನನ್ನು, ನಿಯಮ ಗೊತ್ತಿದ್ದೂ ನೀರಿಗೆ ಯಾಕೆ ಇಳಿದೆ, ಯಾರು ಹೇಳಿದರು ಅಂತ ಕೇಳಿದರು. ಅವನು ನಿನ್ನ ಕಡೆ ನೋಡಿದ. ಒಂದೇ ಸಲ. ನೀನು ಉಗುರು ನೋಡಿಕೊಳ್ಳುತ್ತಿದ್ದೆ. ಯಾರೂ ಹೇಳಲಿಲ್ಲ ಸಾರ್, ನಾನೇ ಹಾರಿದೆ ಅಂದ.

ಅಮ್ಮಾ, ಅವನು ಆ ಕೋಣೆಯಲ್ಲಿ ನಿನ್ನ ಕೆಲಸ ಉಳಿಸಿದ. ನೀನು ಅವನನ್ನು ಮುಳುಗಲು ಬಿಟ್ಟೆ.

ಮನೆಗೆ ಬಂದು ನಲ್ಲಿ ಜೋರಾಗಿ ಬಿಟ್ಟುಕೊಂಡು ಬಚ್ಚಲಲ್ಲಿ ಅತ್ತೆಯಲ್ಲ, ನನಗೆ ಕೇಳಿಸಿತು. ಹೊರಗೆ ಬಂದು, ನಾವು ಇದೇ ಊರಲ್ಲಿ ಬಾಳಬೇಕು ಕಣೇ ಅಂತ ನನಗೆ ಬುದ್ಧಿ ಹೇಳಿದೆ. ಅವನೇನು ಚಂದ್ರನ ಮೇಲೆ ಬಾಳುತ್ತಾನಾ? ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದಾಗ ನೀನು ನನ್ನ ಬಾಯಿಯ ಮೇಲೆ ಕೈಯಿಟ್ಟು ಗೋಡೆಗೆ ಒತ್ತಿ ಹಿಡಿದೆ. ಅಕ್ಕಾ, ಒಳಗಿದೀರಿ ಅಂತ ಗೊತ್ತು, ಒಂದು ಮಾತು ಹೇಳಿದ್ರೆ ಸಾಕು ಅಂತ ಅವಳು ಮೆಲ್ಲಗೆ ಹೇಳಿ ಕಾದಳು. ಬೈದಿದ್ದರೆ ವಾಸಿಯಿತ್ತು. ಮರುದಿನ ನೀನು ನನ್ನನ್ನು ಬಸ್ಸು ಹತ್ತಿಸಿದೆ.

ಡಾಕ್ಟರ ಮೇಲಿನ ಕೋಪ ಬರುತ್ತೆ, ಹೋಗುತ್ತೆ. ನಿನ್ನ ಮೇಲಿನ ಕೋಪ ಹೋಗುತ್ತಿಲ್ಲ. ಹುಡುಗ ಮುಳುಗುವಾಗ ನೀನು ನಿಯಮ ನೋಡಲಿಲ್ಲ, ಬಣ್ಣ ನೋಡಲಿಲ್ಲ, ಹಾರು ಅಂದೆ. ಅವತ್ತು ಕಿಟಕಿಯಲ್ಲಿದ್ದವಳು ನನ್ನ ಅಮ್ಮ. ವಿಚಾರಣೆಗೆ ಅವಳ ಸೀರೆ ಉಟ್ಟುಕೊಂಡು ಬಂದವಳು ಯಾರು?

ಚಿಕ್ಕಮ್ಮ ನಿನ್ನನ್ನು ಬೈಯಲು ನನಗೆ ಬಿಡುವುದಿಲ್ಲ. ನಿಮ್ಮಮ್ಮನಿಗೆ ಭಯ ಪುಟ್ಟಿ, ಭಯ ಇರೋರಿಗೆ ಬೈದರೆ ಇನ್ನೂ ಮುದುಡಿಕೊಳ್ತಾರೆ ಅನ್ನುತ್ತಾಳೆ. ನನಗೂ ಭಯ ಇತ್ತು. ಆದರೂ ಎದ್ದು ನಿಂತೆ. ಹಾಗೆ ನಿಲ್ಲಲು ನನಗೆ ಕಲಿಸಿದವಳು ನೀನೇ ಅಲ್ಲವಾ?

ಇಂತಿ,
ಕೋಪ ಇನ್ನೂ ಇಳಿಯದ
ನಿನ್ನ ಮಗಳು

ಮತ್ತೊಂದು ವಿಷಯ. ಮರೆತದ್ದಲ್ಲ, ಬರೆಯಲು ಹೆದರಿ ಕೊನೆಗೆ ಇಟ್ಟುಕೊಂಡಿದ್ದೆ. ಚಿಕ್ಕಮ್ಮ ಪರದೆ ಹೊಲಿದುಕೊಡುವ ಆಫೀಸುಗಳಲ್ಲಿ ಒಂದು ವಕೀಲೆಯದು. ಕೋರ್ಟಿಗೆ ಹೋಗಿರುವ ಪೀಪಿ ಮಾಮನ ಕೇಸನ್ನು ಅವನ ಪರವಾಗಿ ನಡೆಸುತ್ತಿರುವುದು ಅವರೇ. ಚಿಕ್ಕಮ್ಮನ ಜೊತೆ ಹೋಗಿ, ನಾನು ಕಂಡದ್ದೆಲ್ಲ ಹೇಳಿದೆ. ನೀನು ಕೂಗಿದ್ದೊಂದನ್ನು ಬಿಟ್ಟು. ಅವರು ಕನ್ನಡಕ ತೆಗೆದು, ಅವನ ಬೆನ್ನು ಆಳದ ಕಡೆಗಿದ್ದರೆ ಹುಡುಗ ಮುಳುಗಿದ್ದು ಅವನಿಗೆ ಹೇಗೆ ಗೊತ್ತಾಯಿತು, ಯಾರು ಕೂಗಿದರು ಅಂತ ಕೇಳಿದರು. ಚಿಕ್ಕಮ್ಮನ ಮುಖ ನೋಡಿದೆ ಅಮ್ಮಾ. ಕೊನೆಗೆ ನಿನ್ನ ಹೆಸರು ಹೇಳಿದೆ. ಈ ವಾರ ನಿನಗೆ ಕೋರ್ಟಿನಿಂದ ಕರೆ ಬರುತ್ತೆ. ನನ್ನನ್ನು ಬೈಯಬೇಕು ಅನ್ನಿಸಿದರೆ ಬೈಯಿ, ಆದರೆ ಬಾ. ನಾನೂ ಚಿಕ್ಕಮ್ಮನೂ ಮುಂದಿನ ಸಾಲಿನಲ್ಲೇ ಕೂತಿರುತ್ತೇವೆ.